ಬಲಗೈ ಮೇಲಿನ ಭಾರ

ಬಂಗಾಳದ ನ್ಯೂ ಟೌನಿನ ಬ್ಯಾಂಕ್ ಶಾಖೆಗೆ ನಾನು ದಿನವೂ ಕೆಲಸಕ್ಕೆ ಹೋಗುತ್ತಿದ್ದ ಬಸ್ಸಿಗೆ ಒಂದು ಬೆಳಿಗ್ಗೆ ಲಾರಿ ಗುದ್ದಿತು. ಬಸ್ಸು ಮಗುಚಿಬಿತ್ತು. ಪಕ್ಕದ ಸೀಟಿನಲ್ಲಿದ್ದ ಬಂಗಾಳಿ ಹೆಂಗಸು ನನ್ನ ಬಲಗೈ ಮೇಲೆ ಬಿದ್ದರು. ಕಬ್ಬಿಣ ಕತ್ತರಿಸಿ ಹೊರಗೆ ತೆಗೆಯುವವರೆಗೂ ಇಬ್ಬರೂ ಹಾಗೆಯೇ ಇದ್ದೆವು. ಆಸ್ಪತ್ರೆ ಮುಟ್ಟುವ ಮೊದಲೇ ಅವರು ತೀರಿಕೊಂಡರು. ನನಗೆ ಕೈ ಮುರಿದಿತ್ತು, ಅಷ್ಟೇ.

ಮೂಳೆ ಕೂಡಿತು, ನೋವು ಹೋಗಲಿಲ್ಲ. ದೋಸೆಹಿಟ್ಟಿನ ಸೌಟು ಎತ್ತಿದರೂ ಭುಜದವರೆಗೆ ಸೆಳೆತ. ಸುಮ್ಮನೆ ಕೂತಾಗ ತೋಳಿನ ಮೇಲೆ ಯಾರೋ ಒರಗಿದಂಥ ಭಾರ. ಎಕ್ಸ್‌ರೇ ನೋಡಿದ ಡಾಕ್ಟರು ಮೂಳೆ ಚೆನ್ನಾಗಿದೆ ಎಂದು, ಸದರ್ನ್ ಅವೆನ್ಯೂವಿನ ಮನೋವಿಶ್ಲೇಷಕಿಯೊಬ್ಬರನ್ನು ನೋಡಲು ಹೇಳಿದಾಗ ನನಗೆ ಸಿಟ್ಟೇ ಬಂತು.

"ನೋವು ಸುಳ್ಳು ಅಂತ ತಾನೇ ನನ್ನನ್ನು ಇಲ್ಲಿಗೆ ಕಳಿಸಿದ್ದು?" ಎಂದು ಹೋದ ಕೂಡಲೇ ಹಿಂದಿಯಲ್ಲಿ ಕೇಳಿದೆ.

ವಯಸ್ಸಾದ ಆಕೆ ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೋವು ನಿಜ. ಮೂಳೆಯಲ್ಲಿ ಇಲ್ಲದಿದ್ದರೂ ನಿಜ."

ಅಲ್ಲಿ ಮಾಡಬೇಕಾದ್ದು ಇಷ್ಟೇ: ಮಂಚದಂಥ ಉದ್ದ ಸೋಫಾದ ಮೇಲೆ ಮಲಗಿ, ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುತ್ತ ಹೋಗುವುದು. ಆಕೆ ತಲೆಯ ಹಿಂದೆ ಕುಳಿತು ಕೇಳುತ್ತಿದ್ದರು. ಎಷ್ಟೋ ವಾರ ನಾನು ಮೀನಿನ ರೇಟು, ಮಗಳ ಪರೀಕ್ಷೆ, ಆಫೀಸಿನ ಜಗಳ ಇವನ್ನೇ ಹೇಳಿದೆ. ಬಸ್ಸಿನ ಹತ್ತಿರ ಮಾತು ಬಂದಾಗಲೆಲ್ಲ ಬೇರೆ ವಿಷಯ ಎತ್ತುತ್ತಿದ್ದೆ. ಮನೆಗೆ ಬಂದರೆ ಕೈ ಎತ್ತಲಾಗುತ್ತಿರಲಿಲ್ಲ.

"ಹೋಗಿ ಬಂದ್ರೆ ನೋವು ಜಾಸ್ತಿಯೇ ಆಗ್ತದಲ್ಲ ಮಾರಾಯ್ತಿ, ಎಂತಕ್ಕೆ ಹೋಗುದು? ಬಿಡು," ಎಂದರು ನನ್ನ ಗಂಡ, ಕೈಗೆ ಎಣ್ಣೆ ತಿಕ್ಕುತ್ತ.

"ಇಲ್ಲ, ನಾನು ಹೋಗ್ತೇನೆ. ಈಗ ಬಿಟ್ರೆ ಇದು ನನ್ನನ್ನು ಬಿಡುದಿಲ್ಲ," ಎಂದೆ.

ಕೊನೆಗೊಂದು ದಿನ ಬಸ್ಸಿನ ಒಳಗಿನದೆಲ್ಲ ಬಾಯಿಗೆ ಬಂತು. ಆ ಹೆಂಗಸಿನ ಮುಖ ನನಗೆ ಕಾಣುತ್ತಿರಲಿಲ್ಲ, ಕೂದಲಷ್ಟೇ ಕಾಣುತ್ತಿತ್ತು. ಅಲುಗಾಡಲಾಗದೆ ಬಿದ್ದಿದ್ದ ಅವರು ನನ್ನನ್ನು ಕೇಳಿದ್ದರು, "ಲಾಗ್ಛೇ?" ನೋಯುತ್ತಿದೆಯಾ, ಎಂದು. ತಾವೇ ಸಾಯುತ್ತಿದ್ದವರು ನನ್ನ ಕೈಯನ್ನು ವಿಚಾರಿಸಿದ್ದರು. ನಾನು "ನಾ, ನಾ" ಎಂದಿದ್ದೆ. ಅವರಿಗೆ ಸಂಕಟವಾಗಬಾರದೆಂದು.

"ಆಮೇಲೆ ಬೇರೆಯವರು ಕೇಳಿದಾಗ?" ವಿಶ್ಲೇಷಕಿ ಮೆಲ್ಲನೆ ಕೇಳಿದರು.

ಯೋಚಿಸಿದೆ. ಆಸ್ಪತ್ರೆಯಲ್ಲಿ, ಫೋನಿನಲ್ಲಿ ಅಮ್ಮ ಕೇಳಿದಾಗ, ಮಗಳು ಕೇಳಿದಾಗ, ಎಲ್ಲರಿಗೂ ಏನಿಲ್ಲ, ಆರಾಮ ಎಂದೇ ಹೇಳಿದ್ದೆ. ಒಂದು ಹನಿಯೂ ಅತ್ತಿರಲಿಲ್ಲ.

"ಬಸ್ಸಿನಲ್ಲಿ ಕೇಳಿದರಲ್ಲ, ಅವರಿಗೆ ಈಗ ಉತ್ತರ ಕೊಡಿ. ನಿಮ್ಮ ಭಾಷೆಯಲ್ಲೇ. ನನಗೆ ಅರ್ಥವಾಗದಿದ್ದರೆ ಪರವಾಗಿಲ್ಲ."

ಕಣ್ಣು ಮುಚ್ಚಿ ಕನ್ನಡದಲ್ಲೇ ಹೇಳಿದೆ. "ನೋಯ್ತಾ ಉಂಟು. ತುಂಬಾ ನೋಯ್ತಾ ಉಂಟು. ಆದ್ರೆ ನೀವು ಸಾಯ್ಬೇಡಿ."

ಆ ಕೊನೆಯ ಮಾತು ನನ್ನೊಳಗಿತ್ತೆಂದು ನನಗೇ ಗೊತ್ತಿರಲಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ. ಆಕೆ ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹೊರಡುವಾಗ ಇಷ್ಟೇ ಅಂದರು: "ಅವರಿಗಾಗಿ ಅಳಲು ನಿಮಗೆ ಜಾಗವೇ ಸಿಕ್ಕಿರಲಿಲ್ಲ. ಕೈ ಅದನ್ನು ಹೊತ್ತುಕೊಂಡಿತ್ತು ಅನ್ನಿಸುತ್ತದೆ."

ಅಂದೇ ಕೈ ವಾಸಿಯಾಯಿತು ಎಂದರೆ ಸುಳ್ಳಾಗುತ್ತದೆ. ಭಾರ ಹೋಗಲು ತಿಂಗಳುಗಳೇ ಹಿಡಿದವು. ಸೆಳೆತ ಈಗಲೂ ಆಗಾಗ ಇದೆ. ಆದರೆ ದಸರಾ ಹೊತ್ತಿನ ಪೂಜೋ ರಜೆ ಮುಗಿದು ಶಾಖೆ ತೆರೆದ ದಿನ, ಎಂದಿನಂತೆ ಕ್ಯಾಬ್ ಕರೆಯಲು ಹೊರಟ ಗಂಡನನ್ನು ತಡೆದು ಬಸ್ ಸ್ಟಾಪಿಗೆ ನಡೆದೆ. ಬಸ್ಸು ಹತ್ತಿ ಕಿಟಕಿಯ ಕಂಬಿ ಹಿಡಿದು ಕೂತೆ. ಅರ್ಧ ದಾರಿಗೇ ಬೆವತು ಇಳಿದುಬಿಟ್ಟೆ. ಫುಟ್‌ಪಾತಿನ ಮೇಲೆ ನಿಂತು ನೀರು ಕುಡಿದೆ, ಉಸಿರು ಹದಕ್ಕೆ ಬರುವವರೆಗೆ ಕಾದೆ. ಆಮೇಲೆ ಬಂದ ಬಸ್ಸಿಗೆ ಕೈ ತೋರಿಸಿ ಹತ್ತಿದೆ.