ಆರು ಹಲ್ಲಿನ ಗುರುತು

ಬೆಳಕು ಹರಿಯುವ ಹೊತ್ತಿಗೆ ಒಮೆನಾ ಹಿಡಿದ ದೋಣಿಗಳು ವಿಕ್ಟೋರಿಯಾ ಸರೋವರದ ದಡ ಮುಟ್ಟುತ್ತವೆ. ಬೆರಳುದ್ದದ ಆ ಮೀನನ್ನು ಹೆಂಗಸರು ಮರಳಿನ ಮೇಲೆ ಹರಡುವಾಗ, ಮುದುಕ ಒಗುಟು ಬಲೆ ಹೊಲಿಯುವ ನೆಪದಲ್ಲಿ ಪಡ್ಡೆ ಹುಡುಗರ ನಡುವೆ ನುಸುಳುತ್ತಾರೆ. ಒಬ್ಬನನ್ನು ಹಿಡಿದು ಕೂರಿಸಿಕೊಂಡು ಬಾಯಿ ಅಗಲಿಸಿ ತೋರಿಸುತ್ತಾರೆ. ಕೆಳಸಾಲಿನ ಮುಂದಿನ ಆರು ಹಲ್ಲು ಇಲ್ಲ. ಈ ದಡದ ಲುವೋ ಕುಲದ ಹುಡುಗ ದೊಡ್ಡವನಾದ ಎನ್ನುವುದಕ್ಕೆ ಹಿಂದೆಲ್ಲ ಅದೇ ಗುರುತು.

"ಇದನ್ನ ಕೀಳುವಾಗ ಔಷಧಿ ಗಿಷಧಿ ಏನೂ ಇರಲಿಲ್ಲ ಕಣಯ್ಯಾ. ನಾನು ಅಳಲಿಲ್ಲ. ನೀನು ಒಂದು ಸೂಜಿಗೆ ಹೆದರ್ತೀಯಾ?"

ಹುಡುಗರು ನಗುತ್ತಾರೆ. 'ಬೋಳುಬಾಯಿ ಡಾಕ್ಟ್ರು' ಎಂದು ಹೆಸರಿಟ್ಟಿದ್ದಾರೆ. ನಕ್ಕವರಲ್ಲೇ ಒಬ್ಬಿಬ್ಬರು ಆಮೇಲೆ ಅವರ ಹಿಂದೆ ಗುಡ್ಡದ ಮೇಲಿನ ಕ್ಲಿನಿಕ್ಕಿಗೆ ಹೋಗುತ್ತಾರೆ, ರಕ್ತ ಪರೀಕ್ಷೆಗೆ, ಸುನ್ನತಿಗೆ. ಈ ಕೆಲಸಕ್ಕೆ ಸಂಬಳವೇನಿಲ್ಲ. ಯಾರಾದರೂ ಕೊಟ್ಟ ಉಗಾಲಿ ಮುದ್ದೆ, ಒಂದು ಹಿಡಿ ಮೀನು, ಅಷ್ಟೇ.

ಕೆನ್ಯಾದಲ್ಲಿ ಎಚ್‌ಐವಿ ಎಂದರೆ ಎಲ್ಲರ ಬೆರಳೂ ಸರೋವರದ ಜನರ ಕಡೆಗೇ. ಲುವೋಗಳ ರಕ್ತದಲ್ಲೇ ಏನೋ ಇದೆ ಎಂದು ಪೇಟೆಯಲ್ಲಿ ಆಡಿಕೊಳ್ಳುತ್ತಾರೆ. ರಕ್ತದಲ್ಲಿ ಏನಿದೆ ಮಣ್ಣು! ಅಕ್ಕಪಕ್ಕದ ಕುಲಗಳಲ್ಲಿ ಗಂಡುಮಕ್ಕಳಿಗೆ ತಲೆತಲಾಂತರದಿಂದ ಸುನ್ನತಿ ಮಾಡುತ್ತಾರೆ. ಅದರಿಂದ ಗಂಡಸಿಗೆ ಸೋಂಕು ತಗಲುವ ಅಪಾಯ ಪೂರ್ತಿ ಹೋಗದಿದ್ದರೂ ಬಹಳಷ್ಟು ತಗ್ಗುತ್ತದೆ. ಲುವೋಗಳು ಅದರ ಬದಲು ಹಲ್ಲು ಕಿತ್ತರು. ಅದರ ಮೇಲೆ, ಮೀನು ಬೇಕಾದ ಹೆಂಗಸು ದೋಣಿಯವನ ಮಗ್ಗುಲಿಗೂ ಹೋಗಬೇಕಾದ ಹಾಳು ರೂಢಿ, ಸತ್ತವನ ಹೆಂಡತಿಯನ್ನು ಮೈದುನ ಸೇರುವ ಕಟ್ಟಳೆ. ಇಷ್ಟು ಸಾಲದೆಂಬಂತೆ, ಜನ ಸೊರಗಿ ಸಾಯತೊಡಗಿದಾಗ ಅದನ್ನು ರೋಗ ಎನ್ನಲೇ ಇಲ್ಲ. ಚಿರಾ ಎಂದರು, ಕಟ್ಟಳೆ ಮುರಿದವರಿಗೆ ತಟ್ಟುವ ಶಾಪ.

ಒಗುಟು ಕೂಡ ಹಾಗೇ ಅಂದಿದ್ದರು. ಮಗ ಎಲಿಯಾ ನಕುರು ಪಟ್ಟಣದಲ್ಲಿ ಕೆಲಸಕ್ಕಿದ್ದಾಗ, ಜೊತೆಯವರಂತೆ ತಾನೂ ಸುನ್ನತಿ ಮಾಡಿಸಿಕೊಳ್ಳುತ್ತೇನೆಂದು ಕೇಳಿದ. ಅಪ್ಪ ಕೆಂಡವಾದರು. ನಮ್ಮ ಗುರುತು ಬಾಯಲ್ಲಿದೆ, ಬೇರೆಯವರ ಗುರುತು ಹೊತ್ತು ಬಂದರೆ ಹೊಸ್ತಿಲು ತುಳಿಯಬೇಡ ಎಂದರು. ಮಗ ಮಾತು ಮೀರಲಿಲ್ಲ. ಕೆಲವು ವರ್ಷದ ಮೇಲೆ ಸೊರಗಿ ಊರಿಗೆ ಬಂದ. ಆಸ್ಪತ್ರೆ ಗುಡ್ಡದಾಚೆಯೇ ಇತ್ತು. ಅಪ್ಪ ಶಾಪ ಇಳಿಸಲು ಬೇರು ಅರೆದು ಕುಡಿಸುತ್ತ ಕೂತರು.

ಎಲಿಯಾನನ್ನು ಮಣ್ಣು ಮಾಡಿದ ಮೇಲೆ ಸೊಸೆ ಅಪೊಂಡಿ ತಾನೇ ಆಸ್ಪತ್ರೆಗೆ ಹೋದಳು. ಮಾತ್ರೆ ನುಂಗುತ್ತ ಇವತ್ತಿಗೂ ಗಟ್ಟಿಯಾಗಿದ್ದಾಳೆ, ಇದೇ ದಡದಲ್ಲಿ ಮೀನು ಒಣಗಿಸುತ್ತಾಳೆ.

"ಅವಳ ಮುಖ ನೋಡಿದಾಗೆಲ್ಲ ಅದೇ ಅನ್ಸುತ್ತೆ: ಅವನೂ ಹಿಂಗೇ ಇರಬಹುದಿತ್ತಲ್ಲ," ಎನ್ನುತ್ತಾರೆ ಒಗುಟು.

ಊರ ಹುಡುಗರನ್ನು ಒಪ್ಪಿಸುವ ಈ ಮುದುಕರ ಮಾತು ಮನೆಯಲ್ಲೇ ನಡೆಯುವುದಿಲ್ಲ. ಎಲಿಯಾನ ಮಗ ಓವಿಟಿ ಈಗ ದೋಣಿಯವನು. ಪರೀಕ್ಷೆಯೂ ಬೇಡ, ಸುನ್ನತಿಯೂ ಬೇಡ ಎನ್ನುತ್ತಾನೆ. ಇವತ್ತೂ ಅಜ್ಜ ಕೇಳಿದರೆ, ಬಲೆ ಕೊಡವುತ್ತ, ತಲೆಯೆತ್ತದೆ ಹೇಳುತ್ತಾನೆ: "ನಮ್ಮಪ್ಪ ಕೇಳಿದಾಗ ಬೇಡ ಅಂದಿದ್ದು ನೀನೇ ಅಲ್ವಾ ಅಜ್ಜ? ಆಗಿಂದು ಸರಿಯೋ, ಈಗಿಂದೋ?"

ಒಗುಟು ಹೊಲಿಯುವ ಸೂಜಿ ಕೆಳಗಿಡುತ್ತಾರೆ. "ಆಗ ತಪ್ಪು ಮಾಡ್ದೆ ಕಣಪ್ಪಾ," ಎನ್ನುತ್ತಾರೆ. ಎಲ್ಲರೆದುರು ಹೀಗೆ ಒಪ್ಪಿಕೊಂಡಿರುವುದು ಇದೇ ಮೊದಲು. ಮೀನು ಹರಡುತ್ತಿದ್ದ ಅಪೊಂಡಿ ತಲೆಯೆತ್ತಿ ಮಾವನ ಕಡೆ ನೋಡುತ್ತಾಳೆ. ಓವಿಟಿ 'ನೋಡೋಣ' ಎಂದಷ್ಟೇ ಗೊಣಗಿ ದೋಣಿ ಕಟ್ಟಲು ಹೋಗುತ್ತಾನೆ.

ನಿಮಗೇನು ಆಸೆ ಎಂದು ಕೇಳಿದರೆ ಮುದುಕರು ದೋಣಿಯ ಕಡೆಗೇ ನೋಡುತ್ತಾರೆ.

"ನನ್ನ ಮಗನ ಗುಂಡಿ ನಾನು ನಿಂತು ತೋಡಿಸ್ದೆ. ನನ್ನ ಗುಂಡಿ ಇವನು ತೋಡ್ಲಿ. ಅದಕ್ಕಾದ್ರೂ ಇವನು ಇರಬೇಕಲ್ಲ."