ಸುಣ್ಣದ ಗುಂಡಿಗೆ ಅಕ್ಕಿ ತೊಳೆದ ನೀರು

ನನ್ನ ಗಂಡ ತೀರಿಕೊಂಡು ಐದು ತಿಂಗಳಾಯಿತು. ಅವರು ಪಾಠ ಮಾಡುತ್ತಿದ್ದ ಚಿತ್ರಕಲಾ ಕಾಲೇಜಿನವರು ನೆನಪಿನ ಪುಸ್ತಕ ತರುತ್ತಾರಂತೆ. ಮನೆಯವರ ಕಡೆಯಿಂದ ಎರಡು ಪುಟ ಬೇಕು ಎಂದು ಕಾಲೇಜಿನ ಗುಮಾಸ್ತರು ಬಂದು ಹೇಳಿದರು. ನಾನು ಓದಿದ್ದು ಏಳನೇ ತರಗತಿ. ಕಂಡದ್ದನ್ನು ಬರೆಯುತ್ತೇನೆ. ಅಕ್ಷರ ತಿದ್ದಿ, ವಿಷಯ ತಿದ್ದಬೇಡಿ.

ಅವರ ಕೆಲಸ ಗೋಡೆಯ ಮೇಲೆ ಚಿತ್ರ ಬರೆಯುವುದು. ಗೋಡೆಗೆ ಸುಣ್ಣದ ಗಾರೆ ಮೆತ್ತಿ, ಅದು ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಒಣಗಿದ ಮೇಲೆ ಹಚ್ಚಿದರೆ ಬಣ್ಣ ಒಳಗೆ ಇಳಿಯುವುದಿಲ್ಲ. ಆ ಸುಣ್ಣವೂ ಇವತ್ತು ತಂದು ಇವತ್ತೇ ಬಳಸುವಂಥದ್ದಲ್ಲ. ಗುಂಡಿಯಲ್ಲಿ ನೀರಿನ ಕೆಳಗೆ ಎರಡು ವರ್ಷ, ಮೂರು ವರ್ಷ ನೆನೆಯಬೇಕು. ನಮ್ಮ ಹಿತ್ತಿಲಲ್ಲಿ ಅಂಥದೊಂದು ಗುಂಡಿ ಇದೆ. ಮದುವೆಯಾಗಿ ಬಂದಾಗ ನನ್ನ ಅತ್ತೆ ಮೊದಲು ತೋರಿಸಿದ್ದು ಅಡುಗೆಮನೆಯನ್ನಲ್ಲ, ಅದನ್ನು.

"ಇದರಲ್ಲಿ ನೀರು ಬತ್ತಬಾರದು ಕಣಮ್ಮ. ಬತ್ತಿದ್ರೆ ನಿನ್ನ ಗಂಡನ ಮುಖಾನೂ ಬತ್ತುತ್ತೆ" ಎಂದರು.

ಬತ್ತಲು ನಾನು ಬಿಡಲಿಲ್ಲ.

ಮೂವತ್ತು ವರ್ಷ ಸುಣ್ಣದಲ್ಲಿ ಕೈಯಿಟ್ಟು ಅವರ ಹೆಬ್ಬೆರಳು ಸೀಳಿಹೋಗಿತ್ತು. ಕುಂಚ ಹಗುರ, ಹಿಡಿಯುತ್ತಿದ್ದರು. ಪೆನ್ನು ಒತ್ತಿದರೆ ರಕ್ತ ಬರುತ್ತಿತ್ತು. ಹುಡುಗರು ಅವರನ್ನು ಸುಣ್ಣದ ಮೇಷ್ಟ್ರು ಎನ್ನುತ್ತಿದ್ದರು. ಅವರಿಗೆ ಆ ಹೆಸರು ಹಿಡಿಸಿತ್ತು.

ಬೆರಳು ಚೆನ್ನಾಗಿದ್ದ ಕಾಲದಲ್ಲಿ ಅಂಚೆ ಮೂಲಕ ಎಂ.ಎ. ಮಾಡಿಕೊಂಡಿದ್ದರು. ಅದರ ಮೇಲೆ ಇಪ್ಪತ್ತೆರಡು ವರ್ಷ ಪಾಠ ನಡೆಯಿತು. ಆಮೇಲೆ ನಿಯಮ ಬದಲಾಯಿತು. ನಾಲ್ಕು ವರ್ಷದೊಳಗೆ ಡಾಕ್ಟರೇಟ್ ಮಾಡದವರು ಪಾಠ ಮಾಡುವಂತಿಲ್ಲ. ಆಗ ಅವರಿಗೆ ನಲವತ್ತೊಂಬತ್ತು.

"ಗೋಡೆ ಬರೆಯೋಕೆ ಬರುತ್ತಾ ಅಂತ ಯಾರೂ ಕೇಳಲ್ಲ ಕಣೇ. ಗೋಡೆ ಬಗ್ಗೆ ಬರೆಯೋಕೆ ಬರುತ್ತಾ ಅಂತ ಕೇಳ್ತಾರೆ" ಎಂದರು.

ಏನೇನು ಮಾಡಬೇಕು ಎಂಬ ಪಟ್ಟಿಯನ್ನು ಒಲೆಯ ಪಕ್ಕದ ಗೋಡೆಗೆ ಅಂಟಿಸಿದೆ. ಆರು ತಿಂಗಳು ಕೋರ್ಸ್‌ವರ್ಕ್, ಪರೀಕ್ಷೆ. ವಿಷಯ ಇಂಥದ್ದು ಎಂಬ ಸಾರಾಂಶ. ಆರು ತಿಂಗಳಿಗೊಂದು ವರದಿ. ಪ್ರದರ್ಶನ. ಇನ್ನೂರು ಪುಟದ ಪ್ರಬಂಧ. ಕೊನೆಗೆ ಪರೀಕ್ಷಕರ ಮುಂದೆ ಕೂತು ಉತ್ತರ ಹೇಳುವುದು. ಒಂದೊಂದು ಮುಗಿದಾಗಲೂ ನಾನೇ ಗೀಟು ಎಳೆಯುತ್ತಿದ್ದೆ.

ಕೋರ್ಸ್‌ವರ್ಕಿಗೆ ತಮ್ಮ ಶಿಷ್ಯರ ಪಕ್ಕದ ಬೆಂಚಿನಲ್ಲೇ ಕೂರಬೇಕಾಯಿತು. ಮೊದಲ ದಿನ ಇವರು ಒಳಗೆ ಹೋದರೆ ಎಲ್ಲರೂ ಎದ್ದು ನಿಂತರಂತೆ. "ಕೂತ್ಕೊಳ್ರಪ್ಪ, ನಾನೂ ನಿಮ್ಮ ಜೊತೆ ಫೇಲಾಗೋಕೆ ಬಂದಿದ್ದೀನಿ" ಎಂದರಂತೆ. ಟಿಕ್ ಹಾಕುವ ಪರೀಕ್ಷೆಯಾದ್ದರಿಂದ ದಾಟಿದರು. ಮೂರು ವಿಷಯಗಳಿದ್ದವು: ಸಂಶೋಧನೆ ಮಾಡುವ ವಿಧಾನ, ಕಂಪ್ಯೂಟರು, ಸಂಶೋಧನೆಯ ನೀತಿ. ಬೇರೆಯವರ ಬರಹ ಕದಿಯಬಾರದು ಎಂದು ಹೇಳಿಕೊಡುವುದು ಮೂರನೆಯದು. ಅದನ್ನು ಕಲಿಸಿದವರು ಇವರ ಗೈಡ್. ಅಂದರೆ, ಪ್ರಬಂಧಕ್ಕೆ ದಾರಿ ತೋರಿಸಬೇಕಾದ ಪ್ರೊಫೆಸರು.

ಪ್ರದರ್ಶನಕ್ಕೆ ಗೋಡೆ ಹೊತ್ತು ತರಲಾಗುವುದಿಲ್ಲವಲ್ಲ, ಹಲಗೆಗಳಿಗೆ ಗಾರೆ ಮೆತ್ತಿ ಹನ್ನೆರಡು ಚಿತ್ರ ಮಾಡಿದರು. ಅದೂ ಆಯಿತು. ಪ್ರಬಂಧ ಮಾತ್ರ ಆಗಲಿಲ್ಲ. ಖಾಲಿ ಹಾಳೆಯ ಮುಂದೆ ಕೂತರೆ ಬಾಯಿಗೆ ಬೀಗ.

"ನೀವು ಹೇಳ್ರೀ, ನಾನು ಬರೀತೀನಿ" ಎಂದೆ.

ಅವರು ಬಣ್ಣ ಅರೆಯುತ್ತಾ ಹೇಳುತ್ತಿದ್ದರು. ನಾನು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೆ. ಒಂದು ವರ್ಷದಲ್ಲಿ ನಾಲ್ಕು ನೋಟ್‌ಬುಕ್ ತುಂಬಿದವು. ನಮಗೆ ನಲ್ಲಿ ನೀರು ದಿನ ಬಿಟ್ಟು ದಿನ. ಮರೆಯಬಾರದೆಂದು ನೀರು ಬಂದ ದಿನದ ತಾರೀಕನ್ನು ಆ ದಿನದ ಪುಟದ ಮೂಲೆಯಲ್ಲೇ ಗುರುತು ಹಾಕಿಕೊಳ್ಳುತ್ತಿದ್ದೆ.

ನೀರು ಬಾರದ ದಿನ ಅಕ್ಕಿ ತೊಳೆದ ನೀರನ್ನು ಗುಂಡಿಗೆ ಸುರಿಯುತ್ತಿದ್ದೆ. ಎಷ್ಟೋ ವರ್ಷದ ಅಭ್ಯಾಸ. ಒಂದು ದಿನ ಬರೆಸುತ್ತಿದ್ದವರು ನಕ್ಕು, "ನನ್ನ ಹೆಂಡತಿ ಅಕ್ಕಿ ನೀರು ಸುರೀತಾಳೆ, ಬೂಷ್ಟು ಕಟ್ಟುತ್ತೆ, ನಾನು ಮೇಲಿನದನ್ನ ಕೆರೆದು ಬಿಸಾಡ್ತೀನಿ. ಇದನ್ನ ಬರೀಬೇಡ" ಎಂದರು. ನನಗೆ ಗೊತ್ತೇ ಇರಲಿಲ್ಲ. ಅಷ್ಟು ವರ್ಷ ಒಂದು ಮಾತು ಆಡದೆ ಕೆರೆದು ಎಸೆದಿದ್ದಾರೆ. ನಾಚಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟಿಗೆ "ಅಕ್ಕಿ ತೊಳೆದ ನೀರು ದಿನಕ್ಕೆ ಎರಡು ಚೊಂಬು ಹಾಕಿದರೆ ಸುಣ್ಣ ಮೆದುವಾಗುತ್ತದೆ" ಎಂದು ಬರೆದುಬಿಟ್ಟೆ. ಅವರು ತಿರುಗಿ ಓದಲಿಲ್ಲ. ನಾಲ್ಕು ಪುಸ್ತಕದಲ್ಲಿ ಅದೊಂದೇ ಸುಳ್ಳು, ಅದು ನನ್ನದು.

ತಿದ್ದಿ, ಟೈಪ್ ಮಾಡಿಸಿಕೊಡುತ್ತೇನೆಂದು ಗೈಡ್ ನೋಟ್‌ಬುಕ್ ತೆಗೆದುಕೊಂಡು ಹೋದರು. ಎಂಟು ತಿಂಗಳು ಇಟ್ಟುಕೊಂಡು, ಟೈಪಾದ ಪ್ರಬಂಧದ ಜೊತೆ ವಾಪಸು ಕೊಟ್ಟರು. ಅದನ್ನು ಒಪ್ಪಿಸುವಾಗ ಒಂದು ಫಾರಂ ಕೊಡಬೇಕು, ಇದು ನಾನೇ ಬರೆದದ್ದು ಎಂದು. ಇವರು ಫಾರಂ ಓದಿ ಪೆನ್ನು ಕೆಳಗಿಟ್ಟರು. "ಮಾತು ನಿಮ್ಮದೇ ತಾನೇ" ಎಂದೆ. ರುಜು ಹಾಕಿದರು.

ಪ್ರಬಂಧವನ್ನು ಕಂಪ್ಯೂಟರಿಗೆ ಹಾಕಿ ನಕಲು ಹುಡುಕುತ್ತಾರೆ. ನೂರಕ್ಕೆ ಅರವತ್ತನಾಲ್ಕು ಭಾಗ ನಕಲು ಎಂದು ಬಂತು. ಯಾರದ್ದರ ನಕಲು? ಗೈಡ್ ಅವರದ್ದು. ಆ ಎಂಟು ತಿಂಗಳಲ್ಲಿ ಅವರು ತಮ್ಮ ಹೆಸರಿನಲ್ಲಿ ಪತ್ರಿಕೆಯೊಂದರಲ್ಲಿ ಎರಡು ಲೇಖನ ಅಚ್ಚು ಹಾಕಿಸಿದ್ದರು. ಮನೆಗೆ ತಂದ ಪ್ರತಿಯನ್ನು ಓದಿದೆ. ಇವರ ಮಾತು ಇದ್ದಂತೆಯೇ ಇತ್ತು. ಒಂದು ಕಡೆ, ಅಕ್ಕಿ ತೊಳೆದ ನೀರಿನಿಂದ ಸುಣ್ಣ ಹದ ಮಾಡುವುದು ನಮ್ಮ ಪೂರ್ವಿಕರ ಗುಟ್ಟು ಎಂದಿತ್ತು. ಪೂರ್ವಿಕರು ಯಾರು? ನಾನು.

"ನಡೀರಿ, ನೋಟ್‌ಬುಕ್ ತೋರಿಸೋಣ" ಎಂದೆ.

"ಅಕ್ಷರ ಯಾರದು?" ಎಂದರು. "ನಿಂದು. ತೋರಿಸಿದ್ರೆ ಅವನು ಕಳ್ಳ ಆಗಲ್ಲ ಕಣೇ, ನಾನು ಆಗ್ತೀನಿ. ರುಜು ಹಾಕಿದ್ದೀನಲ್ಲ."

ಒಬ್ಬರೇ ಹೋಗಿ ಗೈಡನ್ನು ಕೇಳಿದರು. "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ, ಅದನ್ನೇ ಬೇರೆ ಮಾತಲ್ಲಿ ಬರೀರಿ. ಹತ್ತರ ಒಳಗೆ ಇಳಿದ್ರೆ ಸಾಕು. ಕೈಬರಹದ ವಿಷಯ ನಾನು ಎತ್ತಲ್ಲ" ಎಂದರಂತೆ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆಯೇ ಒರೆಸಿಕೊಳ್ಳಬೇಕಿತ್ತು.

ಒರೆಸಿಕೊಂಡರು. "ಸುಣ್ಣ ಬೆಣ್ಣೆಯ ಹಾಗಾಗಬೇಕು" ಎಂದಿದ್ದನ್ನು "ಸುಣ್ಣವು ಅಪೇಕ್ಷಿತ ಮೃದುತ್ವವನ್ನು ಹೊಂದತಕ್ಕದ್ದು" ಎಂದು ಹೇಳಿ ಬರೆಸಿದರು. ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಬಣ್ಣ ಅರೆಯುವುದನ್ನೂ ಬಿಟ್ಟರು. ಅರವತ್ತನಾಲ್ಕು ನಲವತ್ತೊಂದಾಯಿತು, ಇಪ್ಪತ್ತಮೂರಾಯಿತು, ಒಂಬತ್ತಾಯಿತು. ಒಂಬತ್ತಕ್ಕೆ ತೆಗೆದುಕೊಂಡರು. ಆ ಪ್ರಬಂಧದಲ್ಲಿ ಈಗ ಅವರ ಮಾತು ಒಂದೂ ಇಲ್ಲ.

ಹನ್ನೊಂದು ದಿನದ ನಂತರ, ಬೆಳಿಗ್ಗೆ ತಿಂಡಿ ತಿಂದು ಗುಂಡಿಯ ಪಕ್ಕ ಕೂತವರು ಎದೆ ಹಿಡಿದುಕೊಂಡರು. ನಾನು ಓಡಿ ಬರುವಷ್ಟರಲ್ಲಿ ಮುಗಿದಿತ್ತು. ಪಟ್ಟಿಯಲ್ಲಿ ಕೊನೆಯದೊಂದಕ್ಕೆ ಗೀಟು ಬಿದ್ದಿಲ್ಲ.

ಹೋದ ವಾರ ಗೈಡ್ ಮನೆಗೆ ಬಂದಿದ್ದರು.

"ಅಮ್ಮಾ, ಮೇಷ್ಟ್ರಿಗೆ ಮರಣೋತ್ತರ ಡಾಕ್ಟರೇಟ್ ಕೊಡಿಸ್ತಿದ್ದೀನಿ. ಸಮಿತಿ ಹೆಚ್ಚುಕಡಿಮೆ ಒಪ್ಪಿದೆ. ಆ ನಾಲ್ಕು ನೋಟ್‌ಬುಕ್ ನನ್ನ ಕೈಗೆ ಕೊಡಿ, ಲೈಬ್ರರೀಲಿ ಇಡಿಸ್ತೀನಿ."

"ಸಾರ್, ಗುಂಡಿಗೆ ಅಕ್ಕಿ ನೀರು ಎಷ್ಟು ಹಾಕ್ಬೇಕು?" ಎಂದು ಕೇಳಿದೆ.

"ದಿನಕ್ಕೆ ಎರಡು ಚೊಂಬು. ಬಹಳ ಹಳೇ ಪದ್ಧತಿ ಅಮ್ಮಾ ಅದು."

"ಎಷ್ಟು ಹಳೇದು?"

"ನೂರಾರು ವರ್ಷದ್ದು."

"ಅಷ್ಟೇನಿಲ್ಲ ಸಾರ್. ನಾನು ಈ ಮನೆಗೆ ಬಂದಾಗಿನಿಂದ. ಅದೂ ನಲ್ಲಿ ಬರದೇ ಇದ್ದ ದಿನ ಮಾತ್ರ."

ಅವರು ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು ಚಪ್ಪಲಿ ಹುಡುಕಿದರು.

ನಾಲ್ಕು ನೋಟ್‌ಬುಕ್‌ಗಳನ್ನು ಈ ಬರಹದ ಜೊತೆ ಗುಮಾಸ್ತರ ಕೈಗೆ ಕೊಟ್ಟಿದ್ದೇನೆ, ಸಮಿತಿಗೆ ಕೊಡಲು. ಅಕ್ಷರ ನನ್ನದು, ಈ ಪುಟದ ಅಕ್ಷರದ ಜೊತೆ ಹೋಲಿಸಿ ನೋಡಿ. ಮೂಲೆಯಲ್ಲಿ ನೀರು ಬಂದ ತಾರೀಕುಗಳಿವೆ. ಲೇಖನ ಅಚ್ಚಾದ ತಾರೀಕು ನಿಮ್ಮ ಹತ್ತಿರ ಇರುತ್ತದೆ. ಯಾವುದು ಮೊದಲು ಎಂದು ನೋಡಲು ಡಾಕ್ಟರೇಟ್ ಬೇಕಾಗಿಲ್ಲ. ನಾನು ಬರೆದುಕೊಟ್ಟದ್ದಕ್ಕೆ ಅವರಿಗೆ ಪದವಿ ಇಲ್ಲ ಎಂದರೆ ಬೇಡ. ಇದ್ದಾಗ ಆ ಹೆದರಿಕೆಗೆ ಅವರು ಬಾಯಿ ಮುಚ್ಚಿಕೊಂಡಿದ್ದರು. ಈಗ ಹೆದರುವವರು ಮನೆಯಲ್ಲಿ ಯಾರೂ ಇಲ್ಲ.

ಅಕ್ಕಿ ತೊಳೆದ ನೀರಿನಿಂದ ಸುಣ್ಣ ಕೆಡುತ್ತದೆ. ಆ ಲೇಖನ ನಂಬಿ ಯಾರಾದರೂ ಗುಂಡಿಗೆ ಸುರಿದಿದ್ದರೆ ಮೇಲಿನ ಪದರ ಕೆರೆದು ಎಸೆಯಿರಿ. ಬರೀ ನೀರು ಹಾಕಿ.