ಕಲ್ಲೂರಿನಲ್ಲಿ ಇಳಿಯದ ಅವ್ವ

“ಏಳವ್ವಾ, ರಾಯಚೂರು ಬಂತು,” ಎಂದು ಪಕ್ಕದ ಸೀಟಿನ ಹೆಂಗಸು ಎಬ್ಬಿಸಿದಾಗ ಶನಿವಾರ ರಾತ್ರಿ ಹನ್ನೊಂದು ದಾಟಿತ್ತು. ನನ್ನ ತಲೆ ಅವರ ಭುಜದ ಮೇಲಿತ್ತು. ಗಾಬರಿಯಾಯಿತು. ಮಾನ್ವಿಯಲ್ಲಿ ಬಸ್ ಹತ್ತಿದಾಗ ಅವರು ಟಿಕೆಟ್ ತೆಗೆದುಕೊಂಡದ್ದು ಅರ್ಧ ದಾರಿಯ ಕಲ್ಲೂರಿಗೆ.

“ಯಾಕ ಇಳೀಲಿಲ್ಲರೀ ಅವ್ವಾ?”

“ಬಸ್ಸಿನಾಗ ಹೆಣ್ಮಕ್ಕಳು ನಾವಿಬ್ಬರೇ. ನೀ ನೋಡಿದ್ರ ಗೊರಕಿ ಹೊಡ್ಯಾಕತ್ತಿದ್ದಿ. ಒಬ್ಬಾಕಿನ್ನ ಹೆಂಗ ಬಿಟ್ಟು ಇಳೀಲಿ?”

ಕಂಡಕ್ಟರ್ ನಕ್ಕರು. “ನಿಮ್ಮನ್ನ ಎಬ್ಬಸಾಕ ಬಂದ್ರ ನನಗ ಬೈದು, ಇನ್ನೊಂದು ಫ್ರೀ ಟಿಕೆಟ್ ಹರಿಸಿದ್ರು!”

ಆರೋಗ್ಯ ಸಮೀಕ್ಷೆಯ ಇಂಟರ್ನ್ ಆಗಿ ಆ ವಾರ ರಾಯಚೂರಿನಿಂದ ದೇವದುರ್ಗಕ್ಕೆ ಮೂರು ಸಲ, ಮಾನ್ವಿಗೆ ಎರಡು ಸಲ ಹೋಗಿಬಂದಿದ್ದೆ. ಕೊನೆಯ ದಿನ ಕೆಲಸ ಮುಗಿಸಿ, ಗೆಳತಿಯ ಸ್ಕೂಟಿಯಲ್ಲಿ ಮಾನ್ವಿ ಹತ್ತಿರದ ಚೀಕಲಪರ್ವಿಯ ಹೊಳೆ ನೋಡಲು ಹೋಗಿ ತಡವಾಗಿತ್ತು.

ಅವರಿಗೆ ಕಲ್ಲೂರಿಗೆ ಮರಳಲು ಬಸ್ಸಿರಲಿಲ್ಲ. ನಸುಕಿನ ತನಕ ಬಸ್ ನಿಲ್ದಾಣದಲ್ಲೇ ಕೂರುತ್ತೇನೆಂದರು. ನಾನು ಬಿಡಲಿಲ್ಲ. ನನ್ನ ಫೋನಿನಿಂದ ಅವರ ಮನೆಗೆ ತಿಳಿಸಿ, ನನ್ನ ಬಾಡಿಗೆ ಕೋಣೆಗೆ ಕರೆದೊಯ್ದು, ಬೆಳಗಿನ ಮೊದಲ ಬಸ್ಸಿಗೆ ಹತ್ತಿಸಿದೆ.

ವಾರದ ಟಿಕೆಟ್‌ಗಳನ್ನು ದಿನಚರಿಯಲ್ಲಿ ಅಂಟಿಸುವುದು ನನ್ನ ರೂಢಿ. ಆ ವಾರ ನಾನು ಬಸ್ ಹತ್ತಿದ್ದು ಹತ್ತು ಸಲ, ಪುಟದಲ್ಲಿರುವ ಟಿಕೆಟ್ ಹನ್ನೊಂದು. ಕಲ್ಲೂರಿನಿಂದ ರಾಯಚೂರಿಗೆ ಎಂದಿರುವುದು ಅವರಿಂದ ಕೇಳಿ ಪಡೆದದ್ದು.